ಏನೂ ಮೊಳೆಯದ ಪಾತಿ

ಗುಂಡಿ ತನ್ನ ಅಳತೆಯದೇ ಎಂದು ಭರಮಣ್ಣನಿಗೆ ಹೊಳೆದದ್ದು ಹೆಂಡತಿಯ ಕೆನ್ನೆಗೆ ಎರಡನೇ ಏಟಿಗೆ ಕೈ ಎತ್ತಿದಾಗ. ಮೊದಲನೆಯದು ಆಗಲೇ ಬಿದ್ದಿತ್ತು. ಮೈಲಮ್ಮ ಹಿತ್ತಲ ಬಾಗಿಲಿಗೆ ಒರಗಿ ನಿಂತಿದ್ದಳು, ತುಟಿಯಿಂದ ರಕ್ತ ಇಳಿಯುತ್ತಿತ್ತು. ಅವಳ ಹೆಗಲಾಚೆ ಅಗೆದ ಕೆಮ್ಮಣ್ಣು ಕಾಣುತ್ತಿತ್ತು. ಅವನು ಕೈ ಇಳಿಸಿದ.

“ಅದೇನೆ ಅದು?”

“ತರಕಾರಿ ಪಾತಿರಿ. ಬದನೆ ಹಾಕ್ತೀನಿ.”

“ಬದನೆಗೆ ಮೊಣಕಾಲುದ್ದ ಗುಂಡಿ ಯಾಕ?”

“ಬೇರು ಆಳಕ್ಕೆ ಇಳೀಬೇಕಲ್ರಿ.”

ಕುಕ್ಕುವಾಡದ ಭರಮಣ್ಣ ದಾವಣಗೆರೆಯ ಒಂದು ಹತ್ತಿ ಮಿಲ್ಲಿನಲ್ಲಿ ನೂಲು ಖಾತೆಯ ಕೆಲಸಗಾರ. ಆಳು ದಪ್ಪ, ಕೈ ಇನ್ನೂ ದಪ್ಪ. ಮದುವೆಯಾದ ಆರು ವರ್ಷದಲ್ಲಿ ಮೈಲಮ್ಮನ ಎರಡು ಹಲ್ಲು, ಎಡಗಿವಿ, ಹೊಟ್ಟೆಯಲ್ಲಿದ್ದ ಐದು ತಿಂಗಳ ಕೂಸು, ಇಷ್ಟೂ ಆ ಕೈಗೆ ಹೋಗಿದ್ದವು. ಎರಡು ಸಲ ಅವಳು ಹರಿಹರದ ತವರಿಗೆ ಓಡಿಹೋದಳು. ಎರಡು ಸಲವೂ ಹಿರಿಯರು ಬುದ್ಧಿ ಹೇಳಿ, ಉಡಿ ತುಂಬಿ, ವಾಪಸು ಕಳಿಸಿದರು. ಅವರ ಬುದ್ಧಿಗಿಷ್ಟು ಬೆಂಕಿ ಹಾಕ. “ಮೂರನೇ ಸಲ ಹೋದ್ರೆ ನಿನ್ನ ಹೆಣ ಹೊತ್ತು ತರ್ತೀನಿ” ಎಂದಿದ್ದ ಭರಮಣ್ಣ. ಹೇಳಿದ್ದನ್ನು ಮಾಡುವವನೇ. ಇನ್ನು ಅವಳು ಬದುಕಿದರೂ ಈ ಮನೆಯಲ್ಲೇ, ಸತ್ತರೂ ಈ ಮನೆಯಲ್ಲೇ.

ಅರವತ್ತೈದನೇ ಇಸವಿ. ಅಕ್ಕಿ, ಜೋಳಕ್ಕೆ ತತ್ವಾರ. ಹಿತ್ತಲಲ್ಲೇ ಕಾಯಿಪಲ್ಯ ಬೆಳೆದುಕೊಳ್ಳಿ ಎಂದು ರೇಷನ್ ಅಂಗಡಿಯ ಗೋಡೆಗೆ ಕಾಗದ ಅಂಟಿಸಿದ್ದರು. ಹಾಗಾಗಿ ಹೆಂಡತಿ ಹಿತ್ತಲು ಅಗೆಯುತ್ತೇನೆ ಎಂದಾಗ ಭರಮಣ್ಣ ಬೇಡ ಎನ್ನಲಿಲ್ಲ. ಹೇಳಿಕೊಡಲು ಪಕ್ಕದ ಮನೆಯ ಮಾಬೂಬೀ ಬಂದಳು. ಅರವತ್ತು ದಾಟಿದ ವಿಧವೆ, ಮೈಯೆಲ್ಲ ಬರೀ ನರ. ಅವಳ ಗಂಡನನ್ನು ಓಣಿಯವರು ಉಸ್ತಾದ್ ಎನ್ನುತ್ತಿದ್ದರಂತೆ. ಭರಮಣ್ಣ ಆ ಓಣಿಗೆ ಹೊಸಬ, ಅದನ್ನೆಲ್ಲ ವಿಚಾರಿಸುವ ಪೈಕಿಯವನಲ್ಲ.

ಹಿತ್ತಲು ಎಂದರೆ ಬರೀ ಗೊರಚು ಕಲ್ಲು, ಒಡೆದ ಹೆಂಚು. ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತು. ಮೈಲಮ್ಮ ತಿಂಗಳಿಡೀ ಅಗೆದಳು, ಕಲ್ಲು ಆರಿಸಿದಳು, ಬುಟ್ಟಿಗಟ್ಟಲೆ ಹೊತ್ತು ಹಾಕಿದಳು. ಅಣ್ಣ ಹಾಲೇಶಪ್ಪ ಹರಿಹರದಿಂದ ಒಂದು ಗಾಡಿ ಕೆಮ್ಮಣ್ಣು ತಂದು ಸುರಿದು, ಭರಮಣ್ಣನ ಮುಖ ಸಹ ನೋಡದೆ ಹೋದ. ಹೆಂಗಸರಿಬ್ಬರೂ ಆ ಮಣ್ಣನ್ನು ಹಿಟ್ಟಿನ ಜರಡಿಯಲ್ಲಿ ಜರಡಿ ಹಿಡಿದರು. ಮಜ್ಜಿಗೆ ಸುರಿದರು, ಎಳ್ಳೆಣ್ಣೆ ಬಿಟ್ಟರು, ಅರಿಸಿನ ಕಲಸಿದರು, ನಿಂಬೆಹಣ್ಣು ಹಿಂಡಿದರು. “ಹುಳ ಬರಂಗಿಲ್ಲ” ಎಂದಳು ಮಾಬೂಬೀ. ಅಂಚಿಗೆ ಚೆಲ್ಲಿದ ಮೆಂತ್ಯ ನೀರು ಹೆಚ್ಚಾಗಿ ಒಂದೇ ವಾರಕ್ಕೆ ಕೊಳೆಯಿತು. ಒಂದು ಹೀರೆಬಳ್ಳಿ ಮಾತ್ರ ಯಾರ ಹಂಗೂ ಇಲ್ಲದೆ ಗೋಡೆ ಹತ್ತಿತು. ನಡುವಿನ ಪಾತಿಯಲ್ಲಿ ಮೂರು ತಿಂಗಳಾದರೂ ಒಂದು ಮೊಳಕೆಯಿಲ್ಲ.

ಈಗ ಭರಮಣ್ಣನ ತಲೆಯಲ್ಲಿ ಎಲ್ಲ ಒಂದಕ್ಕೊಂದು ಕೂಡಿಕೊಂಡಿತು. ಅರಿಸಿನ ಮೆತ್ತಿದ ನಿಂಬೆಹೋಳು ಎಂದರೆ ಮಾಟವೇ. ಬಿತ್ತನೆಗೆಂದು ಅವಳು ದಿನಾ ಕಡಲೆ ನೆನೆಸುತ್ತಿದ್ದಳು. ಪಾತಿಗೆ ಒಂದು ಕಾಳೂ ಬೀಳುತ್ತಿರಲಿಲ್ಲ, ಬೋಗುಣಿ ಮಾತ್ರ ಬರಿದಾಗುತ್ತಿತ್ತು. ಪಾಳಿ ಮುಗಿಸಿ ಬಂದಾಗೆಲ್ಲ ಅವಳ ಬೆನ್ನಿಗೆ ಮಣ್ಣು ಮೆತ್ತಿರುತ್ತಿತ್ತು. ತೋಟ ಮಾಡುವವರ ಕೈಗೆ ಮಣ್ಣು ಹತ್ತುತ್ತದೆ, ಬೆನ್ನಿಗೆ ಹೇಗೆ ಹತ್ತೀತು? ಗುಂಡಿಯಲ್ಲಿ ಮಲಗಿ ನನ್ನ ಅಳತೆ ನೋಡುತ್ತಿದ್ದಾಳೆ ರಂಡೆ, ಎಂದುಕೊಂಡ.

ಅವಳು ಬಡಿಸಿದ್ದನ್ನು ಮೊದಲು ಅವಳಿಗೇ ತಿನ್ನಿಸತೊಡಗಿದ. ಅವಳು ತಿಂದಳು. ಎರಡು ರೊಟ್ಟಿ ಹೆಚ್ಚಾಗಿಯೇ ತಿಂದಳು.

“ಬದನೆ ಯಾವಾಗ ಹಾಕ್ತೀಯ?” ಎಂದು ಶುಕ್ರವಾರ ಕೇಳಿದ.

“ಮಣ್ಣು ಹದಕ್ಕೆ ಬಂದೈತ್ರಿ. ನೀವೊಮ್ಮೆ ಇಳಿದು ನೋಡ್ರಿ.”

ಶನಿವಾರ ಮಧ್ಯಾಹ್ನ ಮೂರರ ಸೈರನ್ ಆದಮೇಲೆ ಅವನು ಮಿಲ್ಲಿನಿಂದ ಕಬ್ಬಿಣದ ಸರಳು ಹಿಡಿದೇ ಬಂದ. ಅವಳು ತನ್ನನ್ನು ಮುಗಿಸುವ ಮೊದಲು ಅವಳನ್ನು ಮುಗಿಸುವುದು. ಅದೇ ಗುಂಡಿಗೆ ಹಾಕಿ ಮೇಲೆ ಬದನೆ ನೆಡುವುದು. ಓಡಿಹೋದಳು ಎಂದರೆ ಯಾರೂ ಮರುಮಾತಾಡುವುದಿಲ್ಲ. ಎರಡು ಸಲ ಓಡಿದವಳೇ ತಾನೆ.

ಮೈಲಮ್ಮ ಕಚ್ಚೆ ಹಾಕಿ ಪಾತಿಯ ನಡುವೆ ನಿಂತಿದ್ದಳು. ಹಾರೆ, ಸಲಿಕೆ ಎರಡೂ ಅವಳ ಕೈಗೆ ಸಿಗದಷ್ಟು ದೂರ ಗೋಡೆಗೆ ಒರಗಿದ್ದವು. ಭರಮಣ್ಣನಿಗೆ ಧೈರ್ಯ ಬಂತು. ಗುಂಡಿಗೆ ಇಳಿದ.

“ಯಾರಿಗೆ ತೋಡೀಯೆ ಇದನ್ನ?”

“ನಿಮಗೇರಿ.”

ಸರಳು ಬೀಸಿದ. ಅವಳ ಭುಜದ ಚರ್ಮ ಸುಲಿದು ರಕ್ತ ಚಿಮ್ಮಿತು. ಮತ್ತೆ ಎತ್ತಿದ. ಅವಳು ಹಿಂದೆ ಸರಿಯಲಿಲ್ಲ, ಮುಂದೆ ನುಗ್ಗಿದಳು. ಆರು ವರ್ಷದಲ್ಲಿ ಅವಳು ಮುಂದೆ ಬಂದದ್ದು ಅದೇ ಮೊದಲು. ತಲೆ ಅವನ ಕಂಕುಳಡಿ ಹೊಕ್ಕಿತು, ಕೈ ತೊಡೆಗೆ ಬಿತ್ತು. ಮರುಗಳಿಗೆ ಭರಮಣ್ಣ ಅಂಗಾತ ಬಿದ್ದಿದ್ದ, ಸರಳು ಎಲ್ಲೋ ಹಾರಿಹೋಗಿತ್ತು. ಎದ್ದು ಅವಳ ಕುತ್ತಿಗೆಗೆ ಕೈ ಹಾಕಿದ. ಮಣಿಕಟ್ಟು ಲಟಕ್ಕೆಂದಿತು, ಮತ್ತೆ ಅಂಗಾತ. ಮೂರನೇ ಸಲ ಮುಖ ಅಡಿಯಾಗಿ ಬಿದ್ದು ಮೂಗು ಒಡೆಯಿತು, ಬಾಯಿ ತುಂಬ ರಕ್ತ ಮತ್ತು ಮಣ್ಣು. ಅವಳು ಅವನನ್ನು ಹೊರಳಿಸಿ ಎದೆಯ ಮೇಲೆ ಮೊಣಕಾಲೂರಿದಳು.

ಭರಮಣ್ಣ ಕಣ್ಣು ಮುಚ್ಚಿದ. “ಹೂಳಬ್ಯಾಡ ಮೈಲಿ. ನಿನ್ನ ಕಾಲು ಹಿಡೀತೀನಿ” ಎಂದು ಗೊಳೋ ಅತ್ತ.

“ಏಳ್ರಿ” ಎಂದಳು ಮೈಲಮ್ಮ. ಅವಳೂ ಅಳುತ್ತಿದ್ದಳು, ಆದರೆ ಮೊಣಕಾಲು ಅಲುಗಲಿಲ್ಲ. “ಕೈ ಎತ್ತಬೇಕು ಅನ್ನಿಸಿದಾಗೆಲ್ಲ ಇಲ್ಲಿಗೇ ಬರ್ರಿ. ಮಣ್ಣು ಮೆತ್ತಗೈತೆ, ಸಾಯಂಗಿಲ್ಲ.”

ಗೋಡೆಯಾಚೆಯಿಂದ ಮಾಬೂಬೀಯ ತಲೆ ಕಾಣಿಸಿತು. “ಬಲಗಾಲು ಇಡೋದು ತಡ ಆತು, ಮೈಲವ್ವ.”

ಮಾಬೂಬೀ ಜನ್ಮದಲ್ಲಿ ಒಂದು ಬದನೆಗಿಡ ಬೆಳೆಸಿದವಳಲ್ಲ. ಮೂವತ್ತು ವರ್ಷ ಅವಳು ಹದ ಮಾಡಿದ್ದು ಗಂಡನ ಗರಡಿಯ ಮಣ್ಣು, ಕದ್ದು ನೋಡಿ ಕಲಿತದ್ದು ಅಲ್ಲಿಯ ಅಷ್ಟೂ ಕುಸ್ತಿಪಟ್ಟು.