ಅರ್ಧಕ್ಕೆ ನಿಂತ ಹಾಡು

ಹಾಡು ಮತ್ತೆ ಅರ್ಧಕ್ಕೆ ನಿಂತಿತು. ರೇಡಿಯೋ ನಿಲಯದ ಹಾಡು ಹಾಕುವ ಸಾಫ್ಟ್‌ವೇರ್ ಈ ವಾರ ಕೈಕೊಟ್ಟಿದ್ದು ಇದು ನಾಲ್ಕನೇ ಸಲ. ನಿರೂಪಕಿ ಬಾಯಿಗೆ ಬಂದದ್ದನ್ನು ಮಾತಾಡಿ ಮೌನ ತುಂಬುತ್ತಿದ್ದಳು. ಹಾಡು ನಿಲ್ಲುವುದಕ್ಕೆ ಅವಳ 'ಬೇಜವಾಬ್ದಾರಿ'ಯೇ ಕಾರಣವೆಂದು ಕೊಟ್ಟ ನೋಟಿಸು ಮೈಕಿನ ಪಕ್ಕದಲ್ಲೇ ಬಿದ್ದಿತ್ತು. ಹಾಡುಗಳಿದ್ದ ಸರ್ವರಿನ ಕತ್ತು ಹಿಸುಕುತ್ತಿರುವ ಕಂಪ್ಯೂಟರ್ ಯಾವುದೆಂದು ಟೆಕ್ನೀಷಿಯನ್ ಕೊನೆಗೂ ಪತ್ತೆಹಚ್ಚಿದ. ನೋಟಿಸನ್ನು ಎತ್ತಿಕೊಂಡು ಅದಕ್ಕೆ ಸಹಿ ಹಾಕಿದವರ ಕೋಣೆಗೇ ನುಗ್ಗಿದ.

ನಿಲಯದ ಮುಖ್ಯಸ್ಥರು ಮೇಜಿನ ಮೇಲೆ ಕಾಲಿಟ್ಟುಕೊಂಡು ಉಗುರು ಕತ್ತರಿಸುತ್ತಿದ್ದರು. ಕೀಬೋರ್ಡಿನ ಸಂದಿಯಲ್ಲೆಲ್ಲ ಉಗುರಿನ ಚೂರು. ನಿಲಯದ ಅಷ್ಟೂ ಹಾಡುಗಳು ನೆಟ್‌ವರ್ಕಿನ ಮೂಲಕ ಅವರ ಪೆನ್‌ಡ್ರೈವಿಗೆ ಇಳಿಯುತ್ತಿದ್ದವು.

"ಬಾಮೈದ ಹೊಸ ಕಾರು ತಗೊಂಡಿದಾನೆ ಕಣಯ್ಯಾ. ಹಾಡು ಬೇಕಂತೆ. ಕಾಪಿ ಮಾಡೋದು ದಿನಾ ಅರ್ಧಕ್ಕೇ ನಿಲ್ಲುತ್ತೆ, ದರಿದ್ರದ್ದು."

"ಇದರಿಂದಲೇ ಅಲ್ಲಿ ಹಾಡು ನಿಲ್ತಿರೋದು ಸರ್. ನೋಟಿಸ್ ಮಾತ್ರ ಆ ಹುಡುಗಿಗೆ!"

"ಗೊತ್ತಪ್ಪಾ. ಯಾರ ತಲೆಗಾದ್ರೂ ಕಟ್ಟಬೇಕಲ್ಲ?" ಎಂದು ಅವರು ಹೆಬ್ಬೆರಳಿಗೆ ಕೈಹಾಕಿದರು.

ಟೆಕ್ನೀಷಿಯನ್ ಬಗ್ಗಿ ಆ ಕಂಪ್ಯೂಟರಿನ ನೆಟ್‌ವರ್ಕ್ ಕೇಬಲ್ಲನ್ನು ಕಿತ್ತ.

"ಅಯ್ಯೋ, ತೊಂಬತ್ತು ಪರ್ಸೆಂಟ್ ಆಗಿತ್ತಲ್ಲೋ!"

ಗೋಡೆಯ ಸ್ಪೀಕರಿನಲ್ಲಿ ಹಾಡು ಮತ್ತೆ ಶುರುವಾಯಿತು. ಟೆಕ್ನೀಷಿಯನ್ ನೋಟಿಸನ್ನು ಆ ಉಗುರುಗಳ ಮೇಲೆಯೇ ಹರಡಿದ.

"ಹೆಸರು ತಪ್ಪಾಗಿದೆ ಸರ್. ತಿದ್ದಿ ಕೊಡಿ."