ಪೆನ್ಸಿಲ್ ಚೀಟಿ

ಔಷಧಿ ಅಂಗಡಿಯವನು ಚೀಟಿಯನ್ನು ಮೇಜಿನ ಮೇಲಿಟ್ಟು, ನಗಬೇಕೋ ರೇಗಬೇಕೋ ತಿಳಿಯದೆ ನಿಂತ. ಅವನ ಹಿಂದೆ ಕ್ಷೌರದಂಗಡಿಯವನು ತಲೆ ತಗ್ಗಿಸಿಕೊಂಡು ಬಾಗಿಲಿಗೆ ಅಂಟಿಕೊಂಡಿದ್ದ.

"ನೀವೇ ನೋಡಿ ಮೇಡಂ. ನಿಮ್ಮ ಪೆನ್ಸಿಲ್ ಬರಹದ ಮೇಲೆ ಪೂರಾ ಪೆನ್ನು ಓಡಿಸಿದಾನೆ ಪುಣ್ಯಾತ್ಮ!"

ಮನಶ್ಶಾಸ್ತ್ರಜ್ಞೆ ಚೀಟಿ ಎತ್ತಿಕೊಂಡಳು. ಊರಿನವರ ಬಾಯಲ್ಲಿ ಅವಳು 'ಮಾತಿನ ಮೇಡಂ'. ಆ ಪುಟ್ಟ ಆಸ್ಪತ್ರೆಯಲ್ಲಿ ಮನಸ್ಸಿನ ಕಾಯಿಲೆಗೆಂದು ಇದ್ದವಳು ಅವಳೊಬ್ಬಳೇ. ಮಾತಾಡಿಸಬಹುದು, ಮಾತ್ರೆ ಬರೆಯುವಂತಿಲ್ಲ. ಎರಡು ತಿಂಗಳಿಗೊಮ್ಮೆ ಬರುವ ದೊಡ್ಡ ಡಾಕ್ಟರಿಗೆ ಕೆಲಸ ಹಗುರಾಗಲೆಂದು ಎಲ್ಲರ ಚೀಟಿಯನ್ನೂ ಮೊದಲೇ ಪೆನ್ಸಿಲಿನಲ್ಲಿ ಬರೆದು, ಅವರವರ ಕೈಗೆ ಕೊಟ್ಟು ಬೆಂಚಿನ ಮೇಲೆ ಕೂರಿಸುತ್ತಿದ್ದಳು. ಡಾಕ್ಟರು ರೋಗಿಯನ್ನು ನೋಡಿ, ಅದೇ ಅಕ್ಷರಗಳ ಮೇಲೆ ಪೆನ್ನಾಡಿಸಿ ಸಹಿ ಹಾಕುತ್ತಿದ್ದರು. ನಾಲ್ಕು ವರ್ಷದಲ್ಲಿ ಒಂದಕ್ಷರ ಬದಲಾಯಿಸಿದ್ದಿಲ್ಲ. ಈಗ ಅವರಿಗೆ ವರ್ಗವಾಗಿತ್ತು. ಹೋದ ಸಲ ಯಾರೂ ಬರಲಿಲ್ಲ. ನಿನ್ನೆ ಬರಬೇಕಿದ್ದ ಹೊಸಬರೂ ಕೈಕೊಟ್ಟರು. ಬೆಂಚಿನ ಮೇಲಿದ್ದವರು ಸಂಜೆತನಕ ಕಾದು, ಪೆನ್ಸಿಲ್ ಚೀಟಿಯನ್ನು ಹಾಗೇ ಜೇಬಿಗಿಟ್ಟುಕೊಂಡು ಎದ್ದು ಹೋಗಿದ್ದರು.

ಚೀಟಿಯ ಮೇಲಿನ ನೀಲಿ ಗೆರೆ ಕೂದಲೆಳೆಯಷ್ಟೂ ಆಚೀಚೆ ಸರಿದಿರಲಿಲ್ಲ. ಕತ್ತಿ ಹಿಡಿದು ಪಳಗಿದ ಕೈ. ಮಾತ್ರೆಯ ಹೆಸರು, ಬೆಳಿಗ್ಗೆ ಒಂದು, ತಿಂಡಿಯಾದ ಮೇಲೆ, ಅರವತ್ತು ದಿನ, ಎಲ್ಲವೂ ಮುದ್ದಾಗಿದ್ದವು. ಅಷ್ಟಕ್ಕೇ ನಿಲ್ಲಿಸದೆ, ಅವಳು ಔಷಧಿ ಅಂಗಡಿಗೆಂದು ಪ್ರತಿ ಚೀಟಿಯ ಕೆಳಗೂ ಬರೆಯುತ್ತಿದ್ದ ಸಾಲನ್ನೂ ಅಷ್ಟೇ ಶ್ರದ್ಧೆಯಿಂದ ತಿದ್ದಿದ್ದ: 'ಡಾಕ್ಟರ ಸಹಿ ಇಲ್ಲದೆ ಕೊಡಬೇಡಿ.'

"ಓದೋಕೆ ಬಂದಿದ್ರೆ ಆ ಸಾಲು ಅಳಿಸಿ ಸಹಿ ಗೀಚ್ತಿದ್ದ. ಪಾಪ, ಮೋಸ ಮಾಡೋಕೂ ನಾಲ್ಕಕ್ಷರ ಬೇಕು ನೋಡಿ," ಎಂದ ಅಂಗಡಿಯವನು, ಗಿರಾಕಿಗಳು ಕಾಯುತ್ತಿದ್ದಾರೆಂದು ಹೊರಟುಹೋದ.

"ಇದೆಂಥ ಕೆಲಸ ಮಾಡಿದ್ರಿ?" ಎಂದು ಅವಳು ಕೇಳಿದಳು.

"ದೊಡ್ಡ ಡಾಕ್ಟ್ರು ಮಾಡೋದನ್ನ ನೋಡಿದ್ನಲ್ಲ ಮೇಡಂ. ಅವರೂ ಇಷ್ಟೇ ತಾನೆ ಮಾಡ್ತಿದ್ದಿದ್ದು?"

ಅವಳು ಮೇಜಿನ ಡ್ರಾಯರಿನ ಕಡೆ ನೋಡಿದಳು. ಎರಡು ವರ್ಷ ಬರೀ ಔಷಧಿಗಳ ಬಗ್ಗೆಯೇ ಓದಿ ಪರೀಕ್ಷೆ ಪಾಸಾಗಿದ್ದಳು. ನಿಮ್ಮಂಥವರಿಗೂ ಮಾತ್ರೆ ಬರೆಯಲು ಅವಕಾಶ ಕೊಡುವ ವಿಷಯ ಪರಿಶೀಲನೆಯಲ್ಲಿದೆ ಎಂದು ಸರ್ಕಾರದಿಂದ ಉತ್ತರ ಬಂದು ವರ್ಷವಾಗಿತ್ತು. ಆ ಕಾಗದ ಅದೇ ಮೇಜಿನ ಡ್ರಾಯರಿನಲ್ಲಿತ್ತು.

"ನಿಮ್ಮ ಹೆಂಡ್ತೀನ ನಗರದ ಆಸ್ಪತ್ರೆಗೆ ಒಂದ್ಸಲ ಕರ್ಕೊಂಡು ಹೋಗೋಕಾಗಲ್ವಾ?"

"ನಿನ್ನೆ ಇಲ್ಲೀವರೆಗೆ ಕರ್ಕೊಂಡು ಬರೋಕೇ ಸಾಕುಸಾಕಾಯ್ತು. ಇನ್ನು ಅರ್ಧ ದಿನ ಬಸ್ಸಲ್ಲಿ ಅಂದ್ರೆ ಎಲ್ಲಿ ಆಗುತ್ತೆ? ಹೊಸಿಲೇ ದಾಟಲ್ಲ ಅಂತಾಳೆ." ಅವನು ಈಗ ತಲೆಯೆತ್ತಿದ. "ನನ್ನ ಹೆಂಡ್ತಿ ಎಂಥ ಬಾಯಿಬಡುಕಿ ಗೊತ್ತಾ ಮೇಡಂ? ನಮ್ಮ ಅಂಗಡಿಗೂ ಮನೆಗೂ ಮಧ್ಯೆ ಒಂದೇ ಗೋಡೆ. ಅವಳು ನನ್ನ ಬೈಯೋಕೆ ಶುರು ಮಾಡಿದ್ರೆ, ಸೋಪು ಹಚ್ಚಿಸ್ಕೊಂಡು ಕೂತಿರೋ ಗಿರಾಕಿಗಳೂ ಕಿಸಕ್ಕಂತ ನಗೋರು. ಈಗ ಗೋಡೆ ಆಚೆ ಮನೆ ಇದೆ ಅಂತಾನೇ ಗೊತ್ತಾಗಲ್ಲ."

"ಮಾತ್ರೆ ತಗೊಂಡಾಗ?"

"ನಲವತ್ತನೇ ದಿನ ಬೈದ್ಲು! ಒದ್ದೆ ಟವಲನ್ನ ಹಾಸಿಗೆ ಮೇಲೆ ಬಿಸಾಕಿದ್ದೆ. 'ನಿಮ್ಮ ಕೈಗೇನು ಲಕ್ವ ಹೊಡೆದಿದ್ಯಾ, ಹಗ್ಗ ಕಾಣಲ್ವಾ' ಅಂದ್ಲು. ಆ ಖುಷೀಲಿ ಅವತ್ತು ಒಬ್ಬರ ಅರ್ಧ ಮೀಸೇನೇ ಹಾರಿಸಿಬಿಟ್ಟೆ ಮೇಡಂ. ಇಪ್ಪತ್ತು ದಿನ ನನ್ನ ಮನೆ ಮನೆ ಥರ ಇತ್ತು. ಆಮೇಲೆ ಮಾತ್ರೆ ಮುಗೀತು."

ಅವಳ ಕೈ ತಾನಾಗಿಯೇ ಪೆನ್ನಿನ ಕಡೆ ಹೋಯಿತು. ಬರೆದುಬಿಡಬೇಕೆಂಬ ಆಸೆ ಬೆರಳ ತುದಿಯವರೆಗೂ ಬಂತು. ಒಂದು ಸಹಿ, ಗೋಡೆಯಾಚೆ ಒಂದು ಬೈಗುಳ. ಅವಳು ಮುಚ್ಚಳ ತೆಗೆದಳು, ಮತ್ತೆ ಮುಚ್ಚಿದಳು. ಅವಳ ಸಹಿಗೆ ಆ ಅಂಗಡಿಯಲ್ಲಿ ಮಾತ್ರೆ ಸಿಗುತ್ತಿರಲಿಲ್ಲ.

"ಹೊಸ ಡಾಕ್ಟರಿಗೆ ಇವತ್ತೂ ಫೋನ್ ಮಾಡ್ತೀನಿ," ಎಂದಳು. "ಮಧ್ಯಾಹ್ನ ನಾನೇ ಮನೆಗೆ ಬಂದು ನಿಮ್ಮ ಹೆಂಡ್ತಿ ಜೊತೆ ಸ್ವಲ್ಪ ಹೊತ್ತು ಕೂತ್ಕೋತೀನಿ. ಮಾತಾಡೋಕಂತೂ ಯಾರ ಅಪ್ಪಣೇನೂ ಬೇಡ."

ಅವನು ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು ಬಾಗಿಲವರೆಗೂ ಹೋದವನು ತಿರುಗಿ ನಿಂತ.

"ಬನ್ನಿ ಮೇಡಂ. ಒಳಗೆ ಹಾಸಿಗೆ ಮೇಲೆ ಒದ್ದೆ ಟವಲು ಬಿದ್ದಿರುತ್ತೆ. ದಯವಿಟ್ಟು ಎತ್ತಬೇಡಿ. ದಿನಾ ನಾನೇ ಹಾಕಿ ಬರ್ತೀನಿ."