ತೆರೆದ ಬಾಯಿ

"ಆ..." ಎಂದು ತುತ್ತಿನ ಚಮಚ ಹಿಡಿದ ಅಕ್ಕ ಬಾಯಿ ತೆರೆದು ತೋರಿಸಿದರೆ ಮಾತ್ರ ಗಾಲಿಕುರ್ಚಿಯಲ್ಲಿದ್ದ ತಮ್ಮ ಬಾಯಿ ತೆರೆಯುತ್ತಿದ್ದ. ಅವಳ ಜಡೆ ಅವನ ಮುಷ್ಟಿಯಲ್ಲಿತ್ತು. ಅವಳ ಊಟದ ತಟ್ಟೆ ಮುಚ್ಚಿಟ್ಟಲ್ಲೇ ಇತ್ತು.

"ನಮ್ಮ ನಂತರ ಇವನ ಗತಿಯೇನು ಅನ್ನೋ ಚಿಂತೆ ನನಗಿಲ್ಲ ಕಣೇ," ಅಮ್ಮ ತನ್ನ ತಂಗಿಗೆ ಹೇಳುತ್ತಿದ್ದಳು. "ಇವಳಿದಾಳಲ್ಲ. ಚಿನ್ನದಂಥ ಹುಡುಗಿ. ಬಾಯ್ಬಿಟ್ಟು ಒಂದಿನ ಏನೂ ಕೇಳಿದೋಳಲ್ಲ."

ಹುಡುಗಿಯ ಬಾಯಿ ಮುಚ್ಚಿಕೊಂಡಿತು. ಅದನ್ನು ನೋಡಿ ತಮ್ಮನೂ ಬಾಯಿ ಮುಚ್ಚಿದ. ಚಿಕ್ಕಮ್ಮ ಎದ್ದು ಅಡುಗೆಮನೆಗೆ ಹೋದಳು.

"ಬಾಯಿ ತೆಗಿಯೇ, ಅವನು ಉಣ್ಬೇಕಲ್ಲ!" ಅಮ್ಮ ಗದರಿದಳು.

ಹುಡುಗಿ ತೆರೆದಳು. ಇನ್ನೊಂದು ಚಮಚ ಹಿಡಿದು ಬಂದ ಚಿಕ್ಕಮ್ಮ ಆ ತೆರೆದ ಬಾಯಿಗೇ ಒಂದು ತುತ್ತಿಟ್ಟಳು. ಹುಡುಗಿ ಅಗಿಯಲಿಲ್ಲ. ಕದ್ದು ಸಿಕ್ಕಿಬಿದ್ದವಳಂತೆ ಅಮ್ಮನ ಮುಖ ನೋಡಿದಳು.